ಆಂಟಿಗೆ ತಪ್ಪಿಸಿದ ರೊಟ್ಟಿ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಗೇಟಿನ ಅಳತೆ ತಗೊಂಡು ಬರುತ್ತಿದ್ದೆ. ಫುಟ್‌ಪಾತಿನ ಮೇಲೆ ಎಳ್ಳು-ಬೆಲ್ಲ ಮಾರುತ್ತಿದ್ದರು. ಹುರಿದ ಎಳ್ಳು, ಕೊಬ್ಬರಿಯ ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಫಾಲ್ಸ್ ಆಂಟಿ ಕಣ್ಣ ಮುಂದೆ ಬಂದರು... ಜೊತೆಗೆ ಹಳೇ ಸಿಟ್ಟೂ ಬಂತು. ಅದು ಇಳಿದಿಲ್ಲ. ಇಳಿಸೋ ಮನಸ್ಸೂ ನನಗಿಲ್ಲ.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಇಟ್ಟಮಡುವಿನಲ್ಲಿ ವೆಲ್ಡಿಂಗ್ ಶಾಪು. ನಮ್ಮ ಕ್ರೈಸ್ತ ಸಭೆಯ ಪ್ರಾರ್ಥನಾ ಹಾಲ್‌ನ ಕಿಟಕಿಗಳಿಗೆ ಗ್ರಿಲ್ ಕೂರಿಸಿದ್ದು ಇದೇ ಕೈ. ಇವತ್ತಿಗೂ ಒಂದು ಬೆಸುಗೆ ಬಿಟ್ಟಿಲ್ಲ. ಆಂಟಿ ಇದ್ದದ್ದು ಶಾಪಿನ ಪಕ್ಕದ ಒಂಟಿ ರೂಮಿನಲ್ಲಿ. ಗಂಡ ತೀರಿಹೋಗಿದ್ದರು. ಸೀರೆಗೆ ಫಾಲ್ಸ್ ಹಾಕಿ ಬದುಕುತ್ತಿದ್ದರು, ಭಾನುವಾರ ನಮ್ಮ ಸಭೆಗೇ ಬರುತ್ತಿದ್ದರು.

ಚಿಕೂನ್‌ಗುನ್ಯ ಊರೆಲ್ಲ ಹಬ್ಬಿದ ವರ್ಷ ಆಂಟಿಗೆ ಬೆರಳು ಮಡಿಸೋಕೂ ಆಗಲಿಲ್ಲ. ಗಂಜಿ ಕುಡಿಸಿದ್ದು, ತಲೆ ಬಾಚಿದ್ದು ಮೇಲಿನ ಮನೆ ಓನರಮ್ಮ. ಅವರು ಹಿಂದೂಗಳು. ನಮ್ಮ ಸಭೆಯವರು ಬಂದು ಪ್ರಾರ್ಥನೆ ಮಾಡಿ ಹೋದರು, ಅಷ್ಟೇ.

ಮುಂದಿನ ಸಂಕ್ರಾಂತಿಗೆ ಓನರಮ್ಮ ಎಳ್ಳು ಬೀರಿ ಹೋದರು. ಅದೇ ಸಂಜೆ ಸಭೆಯ ಹಿರಿಯರೊಬ್ಬರು ಆಂಟಿಯ ರೂಮಿಗೆ ಪ್ರಾರ್ಥನೆಗೆ ಬಂದರು. ನಾನೂ ಅಲ್ಲೇ ಇದ್ದೆ. ಮೇಜಿನ ಮೇಲೆ ಎಳ್ಳು, ಸಕ್ಕರೆ ಅಚ್ಚು, ಕಬ್ಬಿನ ತುಂಡು.

“ವಿಗ್ರಹಕ್ಕೆ ಇಟ್ಟಿದ್ದು ಇದು. ಆಚೆ ಬಿಸಾಕಿ ಸಿಸ್ಟರ್” ಅಂದರು ಹಿರಿಯರು.

ಆಂಟಿ ತಟ್ಟೆಯನ್ನು ಅವರ ಕಡೆಗೇ ಚಾಚಿದರು. “ಎಳ್ಳು ತಿಂದು ಒಳ್ಳೇ ಮಾತಾಡಿ ಬ್ರದರ್.”

ನನಗೆ ನಗು ತಡೆಯೋಕಾಗಲಿಲ್ಲ. ಹಿರಿಯರು ನಗಲಿಲ್ಲ.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಯೇಸುವಿನ ನೆನಪಿಗೆ ರೊಟ್ಟಿ ತುಂಡುಗಳ ತಟ್ಟೆ ಎಲ್ಲರ ಮುಂದೆ ಬರುತ್ತೆ. ಎಳ್ಳು ತಗೊಂಡಿದ್ದು ಪಾಪ ಅಂತ ಆಂಟಿ ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳೋವರೆಗೂ ಅವರಿಗೆ ರೊಟ್ಟಿ ಇಲ್ಲ ಅಂದುಬಿಟ್ಟರು ಹಿರಿಯರು. ಆಂಟಿಗೆ ಆ ತುಂಡು ಅಂದರೆ ಪ್ರಾಣ. ಆದರೂ ಒಪ್ಪಲಿಲ್ಲ. ನನ್ನ ಹತ್ತಿರ ಅಂದರು, “ನನಗೆ ಗಂಜಿ ಕುಡಿಸಿದ ಕೈ ಕಣೋ ಅದು. ಅದನ್ನ ಪಾಪ ಅಂತ ಯೇಸು ಮುಂದೆ ಹೇಳ್ಲಾ?”

ಮುಂದಿನ ತಿಂಗಳ ಮೊದಲ ಭಾನುವಾರ ತಟ್ಟೆ ಆಂಟಿಯನ್ನು ದಾಟಿ ನನ್ನ ಹತ್ತಿರ ಬಂತು. ಅವರು ಕಣ್ಣು ಮುಚ್ಚಿ ಕೂತಿದ್ದರು... ನನ್ನ ತುಂಡು ಮುರಿದು ಅರ್ಧ ಅವರ ಅಂಗೈಯಲ್ಲಿಟ್ಟೆ. ಹಿರಿಯರು ಓಡಿ ಬಂದರು. “ಸಿಸ್ಟರ್, ಕೊಡಿ ಅದನ್ನ!”

“ನುಂಗಿ ಆಯ್ತು ಬ್ರದರ್” ಅಂದರು ಆಂಟಿ.

ಆವತ್ತಿನಿಂದ ನನಗೂ ರೊಟ್ಟಿ ನಿಂತಿತು. ನಾನು ಕುದ್ದುಹೋದೆ. ಹಿರಿಯರ ಮನೆಯ ಗುಟ್ಟುಗಳು ನನಗೂ ಗೊತ್ತಿದ್ದವು, ಸಭೆಯಲ್ಲೇ ಬಿಚ್ಚಿಡ್ತೀನಿ ಅಂತ ಹೊರಟೆ. ಆಂಟಿ ಸೂಜಿಯಿಂದ ಕಣ್ಣೆತ್ತದೆ ಕೇಳಿದರು, “ಅವರ ತಟ್ಟೆ ಕಿತ್ಕೊಂಡ್ರೆ ನನ್ನ ಹೊಟ್ಟೆ ತುಂಬುತ್ತೇನೋ?”

ಗುಟ್ಟು ಬಿಚ್ಚಲಿಲ್ಲ. ಆದರೆ ಕ್ಷಮೆಯನ್ನೂ ಕೇಳಲಿಲ್ಲ. ಬೇರೆ ಸಭೆಗೆ ಹೋಗು ಅಂದವರಿದ್ದರು. ಯಾಕೆ ಹೋಗಬೇಕು? ಪ್ರತಿ ಭಾನುವಾರ ಇಬ್ಬರೂ ಮುಂದಿನ ಸಾಲಿನಲ್ಲೇ ಕೂತೆವು. ತಿಂಗಳಿಗೊಮ್ಮೆ ತಟ್ಟೆ ನಮ್ಮನ್ನು ದಾಟಿಕೊಂಡೇ ಹೋಗಬೇಕಿತ್ತು. ಹೋಗಲಿ, ಎಲ್ಲರೂ ನೋಡಲಿ ಅಂತ.

ಕೆಲವು ವರ್ಷಕ್ಕೆ ಆಂಟಿ ತೀರಿಕೊಂಡರು. ತಟ್ಟೆ ಕೊನೇವರೆಗೂ ಅವರ ಮುಂದೆ ನಿಲ್ಲಲಿಲ್ಲ...

ಹಿರಿಯರಿಗೂ ಈಗ ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ. ಹೋದ ತಿಂಗಳು ಪಕ್ಕ ಬಂದು ಕೂತು ಮೆತ್ತಗೆ ಅಂದರು, “ಹಳೇದೆಲ್ಲ ಬಿಡಿ ಬ್ರದರ್. ಕ್ಷಮೆ ಏನೂ ಬೇಡ, ರೊಟ್ಟಿ ತಗೊಳ್ಳಿ.”

“ಆಂಟಿಗೆ ಮೊದಲು ಕೊಡಿ. ಆಮೇಲೆ ನಾನು ತಗೋತೀನಿ” ಅಂದೆ.

ಅವರು ಕೋಲೂರಿ ಎದ್ದು ಹೋದರು. ಎಲ್ಲಿಂದ ಕರ್ಕೊಂಡು ಬರ್ತಾರೆ ಪಾಪ... ಕರೆತರೋಕೆ ನನ್ನಿಂದಲೂ ಆಗಲ್ಲ.