ಕಸ್ತೂರಿ ಸಿಸ್ಟರ್ ಮಾಡಿದ ಅನುವಾದ

ಗೆಳೆಯರೇ, ಕ್ಷಯದ ಗುಳಿಗೆ ತಿನ್ನುತ್ತಿರುವ ಸೊಸೆ ಮಗುವಿಗೆ ಎದೆಹಾಲು ಕೊಡಕೂಡದೆಂದು ಗೋಗಿ ಊರಿನ ಅತ್ತೆಯೊಬ್ಬರು ಇಂದು ನಮ್ಮ ಆಸ್ಪತ್ರೆಯಲ್ಲಿ ಹಟ ಹಿಡಿದರು. ಕಾಲುವೆ ಗದ್ದೆಯ ನಾಟಿ ಬಿಟ್ಟು, ಸೊಸೆ ಮತ್ತು ಕೂಸನ್ನು ಕರೆದುಕೊಂಡು ಬಂದಿದ್ದರು.

“ಗುಳಿಗಿ ಕಾವು ಹಾಲಿನಾಗ ಇಳಿತದ್ರಿ.”

ನಮ್ಮ ಕಸ್ತೂರಿ ಸಿಸ್ಟರ್ ಮೊಬೈಲಿನಲ್ಲಿ ವೈದ್ಯಕೀಯ ಗ್ರಂಥಾಲಯ ತೆರೆದರು.

“ಫೋನ್ ನೋಡ್ಕೋತ ಡಾಕ್ಟರಕಿ ಮಾಡ್ತಿಯೇನವ್ವ?”

“ಇದು ರೀಲ್ಸ್ ಅಲ್ರಿ ಅಮ್ಮಾ, ದವಾಖಾನಿಯವರ ಲೈಬ್ರರಿ. ಕುಂದರ್ರಿ, ಓದಿ ಹೇಳ್ತೀನಿ.”

ಇಂಗ್ಲಿಷ್ ಪುಟವನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದರು. ಅನುವಾದವನ್ನು ಮೂಲದೊಂದಿಗೆ ಹೋಲಿಸುವ ಚಟವಿರುವ ನಾನು, ಅಲ್ಲಿನ ಫಾರ್ಮಸಿಸ್ಟ್, ಹಿಂದೆ ನಿಂತು ಪರದೆ ನೋಡುತ್ತಿದ್ದೆ. ಅವರು ಒಂದು ಎಚ್ಚರಿಕೆಯನ್ನೂ ಬಿಡಲಿಲ್ಲ. ‘ಸ್ತನ್ಯಪಾನ ಮುಂದುವರಿಸಬಹುದು’ ಎಂಬ ಸಾಲಿಗೆ ಮಾತ್ರ, ಸೊಸೆಯತ್ತ ತಿರುಗಿ, “ಕೂಸಿಗಿ ಮಲಿ ಕುಡಸವ್ವ, ಅಳಾಕತ್ತದ” ಎಂದರು. ಅತ್ತೆ ತಾವೇ ಸೆರಗು ಮರೆ ಹಿಡಿದರು.

ಮೂಲದಲ್ಲಿ ಅಳುವ ಕೂಸಿರಲಿಲ್ಲ. ಅದೊಂದು ಸೇರ್ಪಡೆಯನ್ನು ನಾನು ಮನ್ನಿಸಿದ್ದೇನೆ.