ತೂತು ಮುಚ್ಚಿದ ಸೈಲೆನ್ಸರು

ಕಳ್ಳ ಅನ್ನಿಸಿಕೊಂಡು ನಾನು ಮೂರು ವಾರ ಕಾರು ಓಡಿಸಿದ್ದೇನೆ. ಆ ಕಾರಾದರೂ ನೆಟ್ಟಗೆ ಓಡಿತೇ ಅಂದರೆ ಅದೂ ಇಲ್ಲ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಅದು ಯುದ್ಧದ ಕಾಲ. ಪೆಟ್ರೋಲು ಕೂಪನ್ನಿಗೆ ಇಷ್ಟೇ ಎಂದು ಅಳೆದು ಕೊಡುತ್ತಿದ್ದರು. ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ ಇಟ್ಟಿದ್ದ ಒಬ್ಬ ಸಾಹುಕಾರರಿಗೆ ನಾನು ಡ್ರೈವರಾಗಿದ್ದೆ. ಕಲ್ಯಾಣದುರ್ಗದ ಹತ್ತಿರ ಅವರಿಗೆ ತೋಟವಿತ್ತು. ಆಗಾಗ ಪೆನುಕೊಂಡದ ಮೇಲೆ ಹಾದು ಅಲ್ಲಿಗೆ ಹೋಗಿಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ನಿದ್ದೆ ಹೊಡೆಯುವುದು ಸಾಹುಕಾರರ ಅಭ್ಯಾಸ. ಆ ನಿದ್ದೆ ಕೆಟ್ಟರೆ ಆ ದಿನ ಯಾರಿಗೂ ಸುಖವಿಲ್ಲ.

ಒಮ್ಮೆ ಸೈಲೆನ್ಸರಿನ ಹೊಟ್ಟೆ ತುಕ್ಕು ಹಿಡಿದು ಒಡೆಯಿತು. ಕಾರು ಪಟಪಟ ಬಡಿದುಕೊಳ್ಳತೊಡಗಿತು. ಬೆಂಗಳೂರಿನಲ್ಲಿ ಹಳೆಯದೊಂದನ್ನು ಹುಡುಕಿಸೋಣ, ನಾಲ್ಕು ದಿನ ತಡೆಯಿರಿ ಅಂದೆ. ತಡೆಯುವ ಜಾಯಮಾನ ಅವರದಲ್ಲ. ಕಲ್ಯಾಣದುರ್ಗಕ್ಕೆ ಹೋಗಿದ್ದಾಗ ನಾನು ಪಕ್ಕದ ಹಳ್ಳಿಯಲ್ಲಿದ್ದ ಅಕ್ಕನ ಮನೆಗೆಂದು ಎರಡು ದಿನ ಹೋದೆ. ಅಷ್ಟರಲ್ಲಿ ಇವರು ತೋಟದ ಬಾವಿಯಿಂದ ಎತ್ತು ಕಟ್ಟಿ ನೀರೆತ್ತುವ ಕಪಿಲೆಗೆ ಕಬ್ಬಿಣದ ಬಾನಿ ಮಾಡಿಕೊಡುತ್ತಿದ್ದ ಕಮ್ಮಾರನನ್ನು ಕರೆಸಿ, ಸೈಲೆನ್ಸರು ಬಿಚ್ಚಿಸಿ, ರಿಪೇರಿ ಮಾಡಿಸಿ, ಮತ್ತೆ ಹಾಕಿಸಿಯೂ ಬಿಟ್ಟಿದ್ದರು.

"ನೋಡ್ಲಾ, ಬೆಂಗ್ಳೂರೂ ಬ್ಯಾಡ, ಏನೂ ಬ್ಯಾಡ. ಸದ್ದು ಎಲ್ಲೈತೆ ಹೇಳು?" ಅಂದರು.

ಸದ್ದು ನಿಜಕ್ಕೂ ಇರಲಿಲ್ಲ. ಕೆಲಸ ಚೆನ್ನಾಗಿದೆ ಎಂದು ನಾನೂ ತಲೆಯಾಡಿಸಿದೆ. ನನ್ನ ದಡ್ಡತನ ಶುರುವಾದದ್ದೇ ಅಲ್ಲಿಂದ.

ಊರೊಳಗೆ ಮೆಲ್ಲಗೆ ಹೋಗುವಾಗ ಏನೂ ತಿಳಿಯುತ್ತಿರಲಿಲ್ಲ. ಬಯಲಿಗೆ ಬಂದು ಪೆಡಲು ಒತ್ತಿದರೆ ಇಂಜಿನ್ನಿಗೆ ದಮ್ಮೇ ಇಲ್ಲ. ಏರಿನಲ್ಲಿ ಫಸ್ಟ್ ಗೇರು ಹಾಕಿದರೂ ತೆವಳುತ್ತಿತ್ತು, ರೇಡಿಯೇಟರು ಕೊತಕೊತ ಕುದಿಯುತ್ತಿತ್ತು. ಪರಿಗಿ ಕಡೆಯ ಎತ್ತಿನ ಗಾಡಿಯವರು ನಮ್ಮನ್ನು ದಾಟಿ ಹೋಗುತ್ತಾ, ಹಗ್ಗ ಕೊಡಲೇ ಎಂದು ನಗುತ್ತಿದ್ದರು. ಪ್ಲಗ್ಗು ಬಿಚ್ಚಿ ಉಜ್ಜಿದೆ. ಪಾಯಿಂಟಿಗೆ ಅರ ಹಾಕಿದೆ. ಕಾರ್ಬುರೇಟರಿನ ಜೆಟ್ಟು ಊದಿ ಊದಿ ದವಡೆ ನೋಯಿಸಿಕೊಂಡೆ. ಟ್ಯಾಂಕು ಇಳಿಸಿ ತೊಳೆದೆ. ಹ್ಯಾಂಡಲು ತಿರುಗಿಸಿದರೆ ಕಂಪ್ರೆಷನ್ನು ಗಟ್ಟಿಯಾಗಿಯೇ ಇತ್ತು. ಸೈಲೆನ್ಸರಿನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಇಡೀ ಕಾರಿನಲ್ಲಿ ಸರಿಯಾಗಿರುವುದು ಅದೊಂದೇ ಎಂದು ನನ್ನ ಎಣಿಕೆ!

ಒಂದು ದಿನ ಮಂಡಿಯಲ್ಲಿ ಹಮಾಲರು, ದಲ್ಲಾಳಿಗಳು, ಹಣ್ಣು ತಂದ ರೈತರು ಎಲ್ಲ ಸೇರಿದ್ದಾಗ ಸಾಹುಕಾರರು ಟ್ಯಾಂಕಿಗೆ ಒಂದು ಕಡ್ಡಿ ಅದ್ದಿ ಮೂಸಿ ನೋಡಿದರು. "ಪೆಟ್ರೋಲು ಮಾರ್ಕೊಂಡು ಇದ್ಕೆ ಸೀಮೆಎಣ್ಣೆ ಕುಡಿಸ್ತಾವ್ನೆ ಕಣ್ರಪ್ಪ. ಅದ್ಕೇ ಎಳೀತಿಲ್ಲ," ಅಂದರು.

ಎಲ್ಲರೂ ನನ್ನ ಮುಖ ನೋಡಿದರು. ಇಲ್ಲ ಸಾವ್ಕಾರ್ರೇ ಎಂದು ನಾನು ಕೂಗಾಡಿದಷ್ಟೂ ಕಳ್ಳನ ಹಾಗೆಯೇ ಕಾಣುತ್ತಿದ್ದೆ. ಮುಂದಿನ ಸಲ ಕಲ್ಯಾಣದುರ್ಗದಿಂದ ಬಂದ ಮೇಲೆ ಕಾರಿನ ಬೀಗದಕೈ ಒಪ್ಪಿಸಿ ಹೋಗು ಅಂದರು. ಹೋಗುವುದಾದರೂ ಎಲ್ಲಿಗೆ? ಪೆಟ್ರೋಲು ಕಳ್ಳ ಎಂದು ಮಂಡಿಯಲ್ಲಿ ಹೆಸರು ಬಿದ್ದವನನ್ನು ಹಿಂದೂಪುರದಲ್ಲಿ ಇನ್ನೊಬ್ಬರು ಸ್ಟೇರಿಂಗಿನ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಆ ಕೊನೆಯ ಸಲ ಹೊರಡುವಾಗ ಪೆಟ್ರೋಲನ್ನು ಮನೆಯೊಳಗೆ ಬೀಗ ಹಾಕಿಟ್ಟಿದ್ದ ಡಬ್ಬದಿಂದ ಅವರೇ ತಂದು ಸುರಿದರು. ಪೆನುಕೊಂಡ ದಾಟಿದ ಮೇಲೆ ಒಂದು ಏರಿನ ನಡುವೆ ಕಾರು ನಿಂತೇಹೋಯಿತು. "ಈಗೇನಂತೀರಿ? ನಿಮ್ಮ ಕೈಯಾರ ಹಾಕಿದ ಪೆಟ್ರೋಲಲ್ವಾ?" ಅಂದೆ.

"ನೀನು ಮೊದ್ಲು ಹಾಕಿದ್ದ ಸೀಮೆಎಣ್ಣೆ ಇಂಜಿನ್ನನ್ನೇ ಕೆಡಿಸಿಬುಟ್ಟೈತೆ ಕಣ್ಲಾ," ಅಂದರು.

ನಾನು ಕೋಪಕ್ಕೆ ಕೆಳಗಿಳಿದು ಕಾರಿನ ಹಿಂದೆ ಹೋಗಿ ನಿಂತೆ. ಆಗ ಕೇಳಿಸಿತು. ಇಂಜಿನ್ನು ಆರಿದ್ದರೂ ಹಿಂದಿನ ಕೊಳವೆಯಲ್ಲಿ ಸಣ್ಣಗೆ ಸುಯ್ ಎಂದು ಗಾಳಿ ಬರುತ್ತಲೇ ಇತ್ತು. ಆರಿದ ಇಂಜಿನ್ನು ಉಸಿರು ಬಿಡುವುದುಂಟೇ? ಹೊಗೆ ಒಳಗೆಲ್ಲೋ ಸಿಕ್ಕಿಕೊಂಡಿದೆ ಅನ್ನಿಸಿತು. ಮತ್ತೆ ಸ್ಟಾರ್ಟ್ ಮಾಡಿ, ಪೆಡಲು ಒತ್ತಿ ಹಿಡಿಯಿರಿ ಎಂದು ಸಾಹುಕಾರರನ್ನೇ ಮುಂದೆ ಕೂರಿಸಿ, ಕೊಳವೆಯ ಬಾಯಿಗೆ ಕೈಯೊಡ್ಡಿದೆ. ಕೈ ಸುಡುವಂತೆ ನುಗ್ಗಬೇಕಾದ ಹೊಗೆ ಜ್ವರದವನ ಉಸಿರಿನಷ್ಟೂ ಇರಲಿಲ್ಲ. ಒದ್ದೆ ಗೋಣಿ ಕೈಗೆ ಸುತ್ತಿಕೊಂಡು, ಸೈಲೆನ್ಸರಿಗಿಂತ ಮುಂಚೆ ಕೊಳವೆ ಕೂಡುವ ಕಡೆ ನಟ್ಟುಗಳನ್ನು ಸಡಿಲಿಸಿ ಹೊಗೆಗೆ ಸಂದು ಬಿಟ್ಟೆ. ಇಂಜಿನ್ನು ಗರ್ಜಿಸಿತು. ಆ ಏರನ್ನು ಕಾರು ಒಂದೇ ಉಸಿರಿಗೆ ಹತ್ತಿತು. ನಾನು ಆ ಸದ್ದಿನೊಳಗೆ ಗಟ್ಟಿಯಾಗಿ ಬೈಯುತ್ತಲೇ ಓಡಿಸಿದೆ. ಯಾರನ್ನು ಬೈದೆನೋ ಅವರಿಗೆ ಕೇಳಿಸಲಿಲ್ಲ.

ಕಲ್ಯಾಣದುರ್ಗದಲ್ಲಿ ಕಮ್ಮಾರನ ಮುಂದೆಯೇ ಸೈಲೆನ್ಸರು ಬಿಚ್ಚಿ ಸೀಳಿಸಿದೆ. ಅದರೊಳಗಿನ ಕೊಳವೆಯ ತುದಿ ಮುಚ್ಚಿರುತ್ತದೆ; ಹೊಗೆ ಹಾಯಲೆಂದೇ ಕೊಳವೆಯ ತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ಹೊಟ್ಟೆಯ ಒಡಕಿಗೆ ತೇಪೆ ಹಾಕುವ ಮೊದಲು ಕಮ್ಮಾರ ಅವನ್ನೂ ಒಂದೊಂದಾಗಿ ಹಿತ್ತಾಳೆ ಬೆಸುಗೆಯಿಂದ ಮುಚ್ಚಿ, ಮೇಲೆ ಅರ ಹಾಕಿ ನುಣುಪು ಮಾಡಿದ್ದ! ಕೈಗೆ ಎಟುಕದೆ ಉಳಿದಿದ್ದ ಐದಾರು ತೂತುಗಳಲ್ಲಿ ಇಂಜಿನ್ನು ಅಷ್ಟು ದಿನ ಉಸಿರಾಡಿತ್ತು.

"ಎನ್ನಿ ತೂಟ್ಲು ಸಾಮೀ, ಎಷ್ಟೊಂದು ತೂತು! ಪೂರಾ ತುಕ್ಕು ತಿಂದೈತೆ ಅಂದ್ಕೊಂಡೆ," ಅಂದ ಕಮ್ಮಾರ. "ಎಲ್ಡು ದಿನ ಕುಂತು ಮುಚ್ಚಿದೀನಿ ಡ್ರೈವರಪ್ಪ. ಒಂದು ತೂತೂ ಬಿಡಬ್ಯಾಡ ಅಂತ ಸಾವ್ಕಾರ್ರೇ ಹೇಳಿದ್ರು."

ಅವನ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಸೋರದ ಹಾಗೆ ಮಾಡುವುದೇ ಅವನ ಕಸುಬು, ಅದನ್ನು ಮನಸ್ಸಿಟ್ಟು ಮಾಡಿದ್ದ. ಸಾಹುಕಾರರ ಕಡೆ ತಿರುಗಿದರೆ, ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ!

"ಬುಡ್ಲಾ, ಗೊತ್ತಾಯ್ತಲ್ಲ. ಕೆಲ್ಸ ಬಿಡಬ್ಯಾಡ, ಇರು," ಅಂದರು.

"ಮಂಡೀಲಿ ಅಂದಿದ್ದನ್ನ ಮಂಡೀಲೇ ಇಲ್ಲ ಅಂತ ಹೇಳಿ ಸಾವ್ಕಾರ್ರೇ."

"ಅದ್ಕೇನು ತಮಟೆ ಹೊಡಿಸ್ಬೇಕೇನ್ಲಾ? ಯಾರು ನೆನಪಿಟ್ಕಂಡಿರ್ತಾರೆ?"

ಕೆಲಸ ಉಳಿಯಿತು, ನಿಜ. ಆದರೆ ಆ ಮಾತು ಮಂಡಿಯಲ್ಲಿ ಹಾಗೇ ಬಿದ್ದಿರುತ್ತದಲ್ಲ!

ಮರುದಿನ ಹಿಂದೂಪುರದ ಸಂತೆ. ತೂತುಗಳನ್ನು ಮತ್ತೆ ಕೊರೆಯಲು ಪುರುಸೊತ್ತಿರಲಿಲ್ಲ. ಸೈಲೆನ್ಸರಿಲ್ಲದೆಯೇ ವಾಪಸು ಹೊರಟೆವು. ಸಾಹುಕಾರರಿಗೆ ದಾರಿಯುದ್ದಕ್ಕೂ ನಿದ್ದೆಯಿಲ್ಲ. ಮಂಡಿಯ ಬಾಗಿಲಿಗೆ ಬಂದಾಗ ಸದ್ದಿಗೆ ಹೆದರಿದ ಎತ್ತುಗಳು ಹಗ್ಗ ಜಗ್ಗಿದವು. ಒಳಗಿದ್ದವರೆಲ್ಲ ಹೊರಗೆ ಓಡಿಬಂದು ಕಾರನ್ನು ಸುತ್ತುಗಟ್ಟಿದರು. ಒಬ್ಬ ದಲ್ಲಾಳಿ ಕಿಟಕಿಗೆ ಬಗ್ಗಿ, ಏನಾಯಿತೆಂದು ಸಾಹುಕಾರರನ್ನು ಕೇಳಿದ. ಇವರು ಏನೋ ಗೊಣಗಿದರು.

"ಆಂ?" ಅಂದ ದಲ್ಲಾಳಿ.

"ಇಂಜಿನ್ ಆರಿಸ್ಲಾ!" ಎಂದು ಸಾಹುಕಾರರು ನನ್ನ ಬೆನ್ನಿಗೆ ಗುದ್ದಿದರು. ನಾನು ಆರಿಸಲಿಲ್ಲ. ಪೆಡಲನ್ನು ಇನ್ನಷ್ಟು ಒತ್ತಿದೆ.

"ಸೈಲೆನ್ಸರ್ ಕಟ್ಕೊಂಡಿತ್ತು ಕಣ್ರೋ!" ಎಂದು ಅವರು ಕತ್ತಿನ ನರ ಉಬ್ಬುವಂತೆ ಕಿರುಚಿದರು. "ಸೀಮೆಎಣ್ಣೆ ಹಾಕಿರ್ಲಿಲ್ಲ! ಇವ್ನು ಕಳ್ಳ ಅಲ್ಲ!"

ನಾನು ಹಿಂದಕ್ಕೆ ತಿರುಗಿ, "ಕೇಳಿಸ್ಲಿಲ್ಲ ಸಾವ್ಕಾರ್ರೇ, ಇನ್ನೊಂದ್ಸಲ ಹೇಳಿ," ಅಂದೆ.