ಕ್ಲಬ್ಬಿನ ಹೆಸರಿನಲ್ಲಿ ಕುಡಿದ ಕಾಫಿ

ನನಗೆ ಫುಟ್‌ಬಾಲ್ ಎಂದರೆ ಅಷ್ಟಕ್ಕಷ್ಟೇ. ಇಪ್ಪತ್ತೆರಡು ಜನ ಬೆವರು ಸುರಿಸಿ ಓಡುವುದನ್ನು ಸೋಫಾದಲ್ಲಿ ಕುಳಿತು ನೋಡಿ ಬಿ.ಪಿ. ಏರಿಸಿಕೊಳ್ಳುವವರಿಗೆ ಮಾತ್ರೆ ಕೊಡುವುದು ನನ್ನ ಕೆಲಸವಾಗಿತ್ತು. ಹಾಗಿದ್ದೂ ಅಬುಧಾಬಿಯಲ್ಲಿದ್ದ ಆ ವರ್ಷಗಳಲ್ಲಿ, ಎಂದೂ ಕಣ್ಣಿಂದ ಕಾಣದ ಒಂದು ಆರ್ಮೇನಿಯನ್ ಫುಟ್‌ಬಾಲ್ ಕ್ಲಬ್ಬಿನ ಭವಿಷ್ಯಕ್ಕಾಗಿ ನಾನು ವಾರವಾರವೂ ಕಾಫಿ ಕುಡಿದೆ.

ಹಮ್ದಾನ್ ಸ್ಟ್ರೀಟಿನ ನಮ್ಮ ಕಟ್ಟಡದ ಕೆಳಗೇ ಫಾರ್ಮಸಿ. ನನ್ನದು ಸ್ಪ್ಲಿಟ್ ಡ್ಯೂಟಿ. ಮಧ್ಯಾಹ್ನ ಬಿಟ್ಟರೆ ಮತ್ತೆ ಹೋಗಬೇಕಾದ್ದು ಸಂಜೆಗೆ. ಗಂಡನಿಗೆ ದುಬೈನ ಜೆಬೆಲ್ ಅಲಿಯಲ್ಲಿ ಕೆಲಸ, ಅಲ್ಲೇ ಕಂಪೆನಿ ರೂಮು. ಗುರುವಾರ ಬಂದು ಶನಿವಾರ ಹೋಗುವ ಅತಿಥಿ ಅವರು. ಹಾಗಾಗಿ ಆ ಮಧ್ಯಾಹ್ನಗಳು ಪೂರ್ತಿ ನನ್ನವು. ಹೊರಗೆ ಬಿಸಿಲಿಗೆ ಬೀದಿ ನಿದ್ದೆ ಹೋಗಿರುತ್ತಿತ್ತು. ಒಳಗೆ ಎ.ಸಿ.ಯ ಗುಂಯ್ ಎನ್ನುವ ಸದ್ದಿನಲ್ಲಿ ಹೊತ್ತು ಎಷ್ಟಾಯಿತೆಂದೇ ತಿಳಿಯುತ್ತಿರಲಿಲ್ಲ.

ಎದುರು ಫ್ಲ್ಯಾಟಿನ ಅಜ್ಜಿ ಪರಿಚಯವಾದದ್ದು ಬಿ.ಪಿ. ಮಾತ್ರೆಯಿಂದಲೇ. ಗಂಡ ತೀರಿಕೊಂಡ ಮೇಲೆ ಮಗ ಅವರನ್ನು ಆರ್ಮೇನಿಯಾದಿಂದ ಕರೆಸಿಕೊಂಡಿದ್ದ. ಮಗ ಎಂಜಿನಿಯರ್, ನಲವತ್ತು ದಾಟಿದವನು, ಮದುವೆಯ ಗೊಡವೆಗೆ ಹೋಗದವನು. ಅಜ್ಜಿಗೆ ಬರುತ್ತಿದ್ದ ಇಂಗ್ಲಿಷ್ ಒಂದು ಮುಷ್ಟಿಯಷ್ಟು. ಉಳಿದದ್ದನ್ನು ಕೈಯಲ್ಲಿ ಹೇಳುತ್ತಿದ್ದರು. ಕೈಗೂ ನಿಲುಕದ್ದನ್ನು ಶುಕ್ರವಾರ ರಜೆಯಲ್ಲಿ ಮಗ ಬಿಡಿಸಿ ಹೇಳುತ್ತಿದ್ದ. ಹೀಗೆ ಕಂತುಕಂತಾಗಿ ನನಗೆ ಒಂದು ಕ್ಲಬ್ಬಿನ ಚರಿತ್ರೆ ಸಿಕ್ಕಿತು.

ಮೊದಲು ಅದು ಸೋವಿಯತ್ ಕಾಲದ ಒಂದು ಕಾಲುಚೀಲದ ಕಾರ್ಖಾನೆಯ ತಂಡ. ಹಗಲು ನೂಲು ಸುತ್ತುವವರು ಸಂಜೆ ಆಡುತ್ತಿದ್ದರು. ಅಜ್ಜಿಯ ಗಂಡ ಗೋಲ್‌ಕೀಪರ್. ಅಜ್ಜಿ ಹೊಲಿಗೆ ವಿಭಾಗದಲ್ಲಿ ಕೂತು ಆಟಗಾರರ ಅಂಗಿಯ ಬೆನ್ನಿಗೆ ನಂಬರ್ ಹೊಲಿಯುವವರು. ಆಟಗಾರರಿಗೆ ಸಂಬಳ ಬಂದು ಕ್ಲಬ್ ದೊಡ್ಡದಾದ ಮೇಲೂ ಆ ಕೆಲಸ ಅವರ ಕೈಯಲ್ಲೇ ಉಳಿಯಿತಂತೆ. ಒಮ್ಮೆ ಮಾಸ್ಕೋದ ದೊಡ್ಡ ತಂಡವೊಂದು ಅವರ ಊರಿಗೆ ಬಂದು ಒಂದೇ ಒಂದು ಗೋಲು ಹೊಡೆಯಲಾಗದೆ ಹೋಯಿತು. ಇವರೂ ಹೊಡೆಯಲಿಲ್ಲ ಎನ್ನುವುದು ಬೇರೆ ಮಾತು. ಅಷ್ಟಕ್ಕೇ ಊರಿಗೆ ಊರೇ ಕುಣಿಯಿತಂತೆ. ಅದನ್ನು ಹೇಳುವಾಗಲೆಲ್ಲ ಅಜ್ಜಿ ಬೆರಳುಗಳನ್ನು ಸುತ್ತಿ ಎರಡು ಸೊನ್ನೆ ಮಾಡಿ, ಕಣ್ಣಿಗಿಟ್ಟುಕೊಂಡು ನನ್ನನ್ನು ನೋಡುತ್ತಿದ್ದರು.

ಆಮೇಲೆ ದೇಶ ಒಡೆಯಿತು, ಕಾರ್ಖಾನೆ ಮುಚ್ಚಿತು. ಕರೆಂಟಿಲ್ಲದ, ಒಲೆಗೆ ಸೌದೆಯಿಲ್ಲದ ಚಳಿಗಾಲಗಳು ಬಂದವು. ಊರಿನವರು ಮೈದಾನದ ಮರದ ಬೆಂಚುಗಳನ್ನು ಒಂದೊಂದಾಗಿ ಕಿತ್ತು ಒಯ್ದು ಉರಿಸಿದರು. ಗೋಲ್‌ಕೀಪರ್ ಕೂಡ ಒಂದು ಹಲಗೆ ತಂದರು. ಅದನ್ನು ಒಲೆಗಿಡುವಾಗ ಅತ್ತರು. ಚಳಿ ಕಳೆದು ಮತ್ತೆ ಪಂದ್ಯ ಶುರುವಾದಾಗ ಜನ ಮನೆಮನೆಯಿಂದ ಕುರ್ಚಿ ಹೊತ್ತುಕೊಂಡು ಬಂದರಂತೆ. ಊಟದ ಮೇಜಿನ ಕುರ್ಚಿ, ಹೊಲಿಗೆ ಯಂತ್ರದ ಸ್ಟೂಲು, ಅಜ್ಜಂದಿರ ಬೆತ್ತದ ಕುರ್ಚಿ. ಅದಾದ ಮೇಲೆ ಕ್ಲಬ್ಬಿನ ಹೆಸರು ಬದಲಾಯಿತು, ಅಂಗಿಯ ಬಣ್ಣ ಬದಲಾಯಿತು. ಒಬ್ಬ ಶ್ರೀಮಂತ ಬಂದ, ಬೇಸರ ಬಂದು ಹೋದ. ಲೀಗಿನಿಂದ ಹೊರಬಿದ್ದ ತಂಡವನ್ನು ಮತ್ತೆ ಯಾರೋ ಕೈಹಿಡಿದು ಎಬ್ಬಿಸಿದರು.

ಪ್ರತಿ ಪಂದ್ಯದ ಮುನ್ನಾದಿನ ಭವಿಷ್ಯ ನೋಡುವುದು ಅಜ್ಜಿಯ ಪದ್ಧತಿ. ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ಕಾಫಿ ಪುಡಿಯನ್ನು ಕುದಿಸಿ, ಸೋಸದೆ, ಬೆರಳೆತ್ತರದ ಕಪ್ಪಿಗೆ ಸುರಿಯುತ್ತಿದ್ದರು. ಕುಡಿದಾದ ಮೇಲೆ ಕಪ್ಪನ್ನು ಸಾಸರಿನ ಮೇಲೆ ಕವುಚಿ ಹಾಕಬೇಕು. ಗಸಿ ಇಳಿದು ಒಣಗಿದ ಮೇಲೆ ಒಳಗೆ ಮೂಡಿದ ಗೆರೆ, ಬೆಟ್ಟ, ಹಕ್ಕಿಗಳನ್ನು ಓದಬೇಕು. ಆದರೆ ತಾನು ಕುಡಿದ ಕಪ್ಪನ್ನು ತಾನೇ ಓದುವಂತಿಲ್ಲ. ಮಗನೋ, ಇದೆಲ್ಲ ಮೂಢನಂಬಿಕೆ ಎಂದು ಕಪ್ ಮುಟ್ಟುತ್ತಿರಲಿಲ್ಲ. ಹಾಗಾಗಿ ಕ್ಲಬ್ಬಿನ ಹೆಸರಿನಲ್ಲಿ ಕುಡಿಯುವ ಕೆಲಸ, ಆಫ್‌ಸೈಡ್ ಅಂದರೇನೆಂದು ಇವತ್ತಿಗೂ ತಿಳಿಯದ ನನ್ನ ಪಾಲಿಗೆ ಬಂತು.

ಗಸಿ ಒಣಗುವ ಆ ಹೊತ್ತು ನನಗೆ ತುಂಬ ಇಷ್ಟವಾಗಿತ್ತು. ಯಾರೂ ಮಾತಾಡುವಂತಿಲ್ಲ. ಪರದೆಯ ಸಂದಿನಿಂದ ಬಂದ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ನನಗೆ ಅರೆನಿದ್ದೆ ಹತ್ತುತ್ತಿತ್ತು. ಆ ಮಂಪರಿನಲ್ಲಿ ಎಷ್ಟೋ ಸಲ ಕುರ್ಚಿ ಹೊತ್ತ ಜನ ಹಿಮದ ದಾರಿಯಲ್ಲಿ ಸಾಲಾಗಿ ನಡೆಯುತ್ತ, ನಮ್ಮ ಹಮ್ದಾನ್ ಸ್ಟ್ರೀಟಿನ ಸಿಗ್ನಲ್ ದಾಟಿ, ಸಮುದ್ರದ ಕಡೆ ಹೋಗುವುದನ್ನು ನೋಡಿದ್ದೇನೆ. ಅವರಲ್ಲಿ ಕೆಲವರು ಉಡುಪಿಯ ನನ್ನ ಬಂಧುಗಳೂ ಆಗಿರುತ್ತಿದ್ದರು. ಎಚ್ಚರವಾದಾಗ ಅಜ್ಜಿ ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಿರುತ್ತಿದ್ದರು.

ಒಂದು ಬೇಸಿಗೆಯಲ್ಲಿ ಕ್ಲಬ್ ಮತ್ತೆ ಮುಳುಗುತ್ತಿರುವ ಸುದ್ದಿ ಬಂತು. ಮುಂದಿನ ಸೀಸನ್ನಿಗೆ ಲೀಗಿನಲ್ಲಿ ಹೆಸರು ಕೊಡುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಗೆ ಊರಿಗೆ ಮರಳುವ ಆಸೆ. ಮಗನಿಗೆ ಅವರನ್ನು ಇಲ್ಲೇ ಇರಿಸಿಕೊಂಡು ಅಲ್ಲಿನ ಫ್ಲ್ಯಾಟ್ ಮಾರಿಬಿಡುವ ಆಲೋಚನೆ. ವಾರಗಟ್ಟಲೆ ಜಗಳವಾಡಿ ತಾಯಿ-ಮಗ ಕೊನೆಗೊಂದು ಮಾತಿಗೆ ಬಂದರು. ಕ್ಲಬ್ ಆಡುವುದಾದರೆ ಅಜ್ಜಿ ಹೊರಡಬಹುದು, ನಂಬರ್ ಹೊಲಿಯಲು ಯಾರಾದರೂ ಬೇಕಲ್ಲ. ಇಲ್ಲವಾದರೆ ತಕರಾರಿಲ್ಲದೆ ಅಬುಧಾಬಿಯಲ್ಲೇ ಇರಬೇಕು. ಕ್ಲಬ್ಬಿನ ತೀರ್ಮಾನವಾಗುವ ಸಭೆಯ ಹಿಂದಿನ ದಿನ ಮಧ್ಯಾಹ್ನ ಅಜ್ಜಿ ನಮ್ಮ ಬಾಗಿಲು ಬಡಿದರು.

ಆಗ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಅಮ್ಮ ತುಳುವಿನಲ್ಲೂ ಅಜ್ಜಿ ಆರ್ಮೇನಿಯನ್ನಿನಲ್ಲೂ ಗಂಟೆಗಟ್ಟಲೆ ಹರಟುತ್ತಿದ್ದರು. ನಾನು ನಡುವೆ ಬಾಯಿ ಹಾಕಿದರೆ ಇಬ್ಬರಿಗೂ ಕಿರಿಕಿರಿ. ಅಂದು ಅಜ್ಜಿ ನಮ್ಮಿಬ್ಬರನ್ನೂ ಕರೆದೊಯ್ದು ಕಪ್ಪನ್ನು ಅಮ್ಮನ ಕೈಗಿತ್ತರು. ನಾನು ಕುಡಿದಾಗ ತಂಡ ಸೋತದ್ದೇ ಹೆಚ್ಚು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಒಳ್ಳೆಯ ಮನುಷ್ಯರು. ಅಮ್ಮ ಮುಖ ಕಿವಿಚದೆ ಪೂರ್ತಿ ಕುಡಿದಳು. ಅಜ್ಜಿ ಕಪ್ಪನ್ನು ಕವುಚಿ ಹಾಕಿ, ಕನ್ನಡಕ ತರಲು ಒಳಕೋಣೆಗೆ ಹೋದರು. ಅಷ್ಟರಲ್ಲಿ ನನಗೆ ಫಾರ್ಮಸಿಯಿಂದ ಫೋನ್ ಬಂತು. ಕಿಟಕಿಯ ಕಡೆ ತಿರುಗಿ ಮಾತು ಮುಗಿಸುವುದರೊಳಗೆ ಅಡುಗೆಮನೆಯಲ್ಲಿ ನಲ್ಲಿಯ ಸದ್ದು ಕೇಳಿತು.

ಹೋಗಿ ನೋಡಿದರೆ ಕಪ್ ಫಳಫಳ ಹೊಳೆಯುತ್ತಿದೆ. ಅಮ್ಮ ಅದನ್ನು ಸೆರಗಿನಲ್ಲಿ ಒರೆಸುತ್ತಿದ್ದಾಳೆ.

"ಅಮ್ಮ, ಎಂತ ಮಾಡಿದ್ದು ನೀನು?"

"ಎಂತ ಮಾಡಿದ್ದು? ನನ್ನ ಎಂಜಲು ಕಪ್ ನಾನು ತೊಳ್ದೆ. ಅಷ್ಟು ಪ್ರಾಯದವರ ಕೈಯಲ್ಲಿ ಎಂಜಲು ತೊಳೆಸ್ಲಿಕ್ಕೆ ಆಗ್ತದಾ ಮಾರಾಯ್ತಿ?"

ನಮ್ಮ ಕಡೆ ಯಾರ ಮನೆಗೆ ಹೋದರೂ ಕುಡಿದ ಲೋಟ ತೊಳೆದಿಟ್ಟು ಬರುವುದೇ ಮರ್ಯಾದೆ. ಭವಿಷ್ಯದ ವಿಷಯವನ್ನು ಅಜ್ಜಿಯೇ ಹೇಳಿರಬಹುದೆಂದು ನಾನು, ನಾನು ಹೇಳಿರಬಹುದೆಂದು ಅಜ್ಜಿ. ಅಮ್ಮನಿಗೆ ಯಾರೂ ಏನೂ ಹೇಳಿರಲಿಲ್ಲ.

ಅಜ್ಜಿ ಕನ್ನಡಕ ಏರಿಸಿಕೊಂಡು ಬಂದರು. ಖಾಲಿ ಸಾಸರನ್ನು ನೋಡಿದರು, ಅಮ್ಮನ ಕೈಯನ್ನು ನೋಡಿದರು. ಅವರು ಕಪ್ಪನ್ನು ತೆಗೆದುಕೊಂಡು ಎಂದಿನಂತೆ ಕಿಟಕಿಗೆ ಹೋಗಿ, ಬೆಳಕಿಗೆ ಹಿಡಿದು, ಮೆಲ್ಲಗೆ ತಿರುಗಿಸಿದರು. ತುಂಬ ಹೊತ್ತು ಒಳಗೆ ನೋಡಿದರು. ಗಸಿಯ ನಡುವೆ ಉಳಿದ ಬಿಳಿ ಗೆರೆ ಎಂದರೆ ಅವರ ಲೆಕ್ಕದಲ್ಲಿ ದಾರಿ. ಈ ಕಪ್ಪಿನಲ್ಲಿ ಬಿಳಿ ಬಿಟ್ಟರೆ ಬೇರೇನೂ ಇರಲಿಲ್ಲ.

"ರೋಡ್," ಎಂದರು ಇಂಗ್ಲಿಷಿನಲ್ಲಿ. ಆಮೇಲೆ ಕೈಯನ್ನು ಅಗಲವಾಗಿ ಬೀಸಿ, "ಆಲ್ ರೋಡ್."

"ಹೌದು ಹೌದು," ಎಂದಳು ಅಮ್ಮ, ಎಲ್ಲ ಅರ್ಥವಾದವಳಂತೆ.

ಮರುದಿನ ಸಂಜೆ ಮಗ ಫಾರ್ಮಸಿಗೆ ಬಂದ. ಕ್ಲಬ್ ಹೆಸರು ಕೊಟ್ಟಿರಲಿಲ್ಲ. "ಖಲಾಸ್," ಎಂದ. ಮಾತಿನ ಪ್ರಕಾರ ಗೆದ್ದವನು ಅವನೇ. ಮುಖ ಮಾತ್ರ ಸೋತವನದು. "ತಾಯಿಗೆ ಸುದ್ದಿ ಹೇಳಿದೆ. ಅವಳು ಕೇಳಿಸಿಕೊಂಡು ಸೂಟ್‌ಕೇಸ್ ತುಂಬುತ್ತಿದ್ದಾಳೆ. ನಿಮ್ಮ ತಾಯಿಯ ಕಪ್ಪಿನಲ್ಲಿ ದಾರಿ ಕಂಡಿತಂತೆ."

ನನಗೆ ನಗು ಬಂತು. ಆ ವಾರವೇ ಅಜ್ಜಿ ಹೊರಟರು. ಲಿಫ್ಟಿನ ಎದುರು ಅಮ್ಮ ಅವರ ಕೈಹಿಡಿದು, "ಮಾತ್ರೆ ಮರೀಬೇಡಿ ಅಕ್ಕ," ಎಂದಳು. ಅಮ್ಮನೂ ವೀಸಾ ಮುಗಿದು ಉಡುಪಿಗೆ ಹೋದಳು. ಆಮೇಲಿನ ಮಧ್ಯಾಹ್ನಗಳಲ್ಲಿ ನಾನು ಮಲಗಿದರೂ ಕನಸು ಬೀಳುತ್ತಿರಲಿಲ್ಲ. ಆ ಅಜ್ಜಿಯನ್ನು ನಾನು ಇಷ್ಟೊಂದು ಹಚ್ಚಿಕೊಂಡಿದ್ದೆನೆಂದು ಆಗಷ್ಟೇ ತಿಳಿಯಿತು.

ಸೆಖೆ ಇಳಿದ ಮೇಲೆ ಒಂದು ದಿನ ಮಗ ಲಿಫ್ಟಿನಲ್ಲಿ ಸಿಕ್ಕಿದ. ತಾಯಿ ಹೇಗಿದ್ದಾರೆಂದು ಕೇಳಿದೆ.

"ಶನಿವಾರ ಶನಿವಾರ ಮೈದಾನಕ್ಕೆ ಹೋಗಿ ಕೂರುತ್ತಾಳೆ. ಪಂದ್ಯವಿಲ್ಲ, ಒಂದು ನರಪಿಳ್ಳೆಯೂ ಇಲ್ಲ. ಅಲ್ಲಿ ಏನು ಮಾಡುತ್ತೀ ಅಂತ ಕೇಳಿದೆ. ಎದುರು ತಂಡ ಇನ್ನೂ ಬಂದಿಲ್ಲ, ಕಾಯುತ್ತಿದ್ದೇನೆ ಅಂದಳು."

ನಮ್ಮ ಮಹಡಿ ಬಂತು. ಅವನ ಕೈಯಲ್ಲಿದ್ದ ಚೀಲದಿಂದ ಹೊಸ ಫುಟ್‌ಬಾಲ್ ಬೂಟಿನ ಮೂತಿ ಕಾಣುತ್ತಿತ್ತು. ಯಾರಿಗೆ ಎಂದು ಕೇಳಿದ್ದಕ್ಕೆ, ಹೊಟ್ಟೆ ಬಂದ ಆ ಮನುಷ್ಯ ತುಸು ನಾಚಿಕೊಂಡು, ತನಗೇ ಎಂದ. ಊರಿನ ಫ್ಲ್ಯಾಟ್ ಮಾರುವುದಿಲ್ಲ, ಮುಂದಿನ ವಾರ ರಜೆ ಹಾಕಿದ್ದೇನೆ ಎಂದ. ನನ್ನ ಕಣ್ಣು ತುಂಬಿದ್ದನ್ನು ನೋಡಿ ಬೇರೆಡೆಗೆ ತಿರುಗಿ, ಬಾಗಿಲಿಗೆ ಬೀಗದ ಕೈ ಹಾಕುತ್ತ ಹೇಳಿದ:

"ಎದುರು ತಂಡದಿಂದ ಒಬ್ಬನಾದರೂ ಹೋಗಬೇಕಲ್ಲ."